ಬುಲೆಟ್‌ನ ರಾಕರ್ ಬಾಕ್ಸ್ ಪ್ಯಾಕಿಂಗ್ ಬದಲಿಸುವುದು: ಸೋರಿಕೆ ಮರಳಿ ಬಾರದಂತೆ ಮಾಡುವ ಕ್ರಮ

ದಾವಣಗೆರೆ, ಚಿತ್ರದುರ್ಗದ ಕಡೆ ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್ ಇಟ್ಟುಕೊಂಡ ಅನೇಕರ ದೂರು ಒಂದೇ ಬಗೆಯದು. ವಾಲ್ವ್ ತೆರೆಯುವ ರಾಕರ್‌ಗಳಿರುವ ರಾಕರ್ ಬಾಕ್ಸಿನ ಕವರಿಗೆ ಹೊಸ ಪ್ಯಾಕಿಂಗ್ (ಎಣ್ಣೆ ಸೋರದಂತೆ ನಡುವೆ ಇಡುವ ತೆಳು ಹಾಳೆ, ಗ್ಯಾಸ್ಕೆಟ್) ಹಾಕಿಸಿದ ಮೇಲೆ ಕೆಲವು ದಿನ ಎಂಜಿನ್ ಒಣಗಿರುತ್ತದೆ, ಆಮೇಲೆ ಸಿಲಿಂಡರ್ ಹೆಡ್‌ನ ಫಿನ್‌ಗಳ ನಡುವೆ ಎಣ್ಣೆ ಮತ್ತೆ ಇಳಿಯತೊಡಗುತ್ತದೆ. ಆಗ ಇನ್ನೊಂದು ಪ್ಯಾಕಿಂಗ್ ತರುತ್ತಾರೆ, ಅದರ ಮೇಲೆ ಇನ್ನಷ್ಟು ಅನಾಬಾಂಡ್ ಸೀಲಂಟ್ ಬಳಿಯುತ್ತಾರೆ, ಬೋಲ್ಟನ್ನು ಇನ್ನೂ ಬಿಗಿಯುತ್ತಾರೆ, ಕೊನೆಗೆ ಥ್ರೆಡ್ಡೇ ಕಿತ್ತು ಬರುತ್ತದೆ. ಇದರಲ್ಲಿ ಪ್ಯಾಕಿಂಗಿನ ತಪ್ಪು ತೀರ ಕಡಿಮೆ. ಹೊಸ ಪ್ಯಾಕಿಂಗ್ ಕೈಗೆ ಬರುವ ಮೊದಲು ಮಾಡಬೇಕಾಗಿದ್ದ ಕೆಲಸಗಳು ಉಳಿದುಹೋಗಿರುವುದರಿಂದಲೇ ಸೋರಿಕೆ ಮರಳುತ್ತದೆ. ಆದ್ದರಿಂದ ಈ ಬರಹದಲ್ಲಿ ಬಿಚ್ಚಿ ಜೋಡಿಸುವ ಮಾತಿಗಿಂತ ಅವೆರಡರ ನಡುವಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಈ ಕ್ರಮ ಯಾವ ಎಂಜಿನ್‌ಗೆ ಅನ್ವಯಿಸುತ್ತದೆ

ಇದು ಪುಶ್ ರಾಡ್ (ರಾಕರನ್ನು ಕೆಳಗಿನಿಂದ ತಳ್ಳುವ ಉದ್ದ ಕಡ್ಡಿ) ಇರುವ 346 ಸಿಸಿಯ ಬುಲೆಟ್ ಎಂಜಿನ್‌ಗಳಿಗೆ, ಅಂದರೆ ಹಳೆಯ ಕಬ್ಬಿಣದ ಬ್ಯಾರೆಲ್ ಎಂಜಿನ್‌ಗೆ ಮತ್ತು ಅದರ ನಂತರ ಬಂದ, ಗೇರ್‌ಬಾಕ್ಸ್ ಕೂಡ ಒಂದೇ ಕವಚದಲ್ಲಿರುವ ಯುಸಿಇ ಎಂಜಿನ್‌ಗೆ ಸಂಬಂಧಿಸಿದ್ದು. ಎರಡರಲ್ಲೂ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಕಡೆಗೆ ಬೇರೆ ಬೇರೆ ರಾಕರ್ ಕವರ್ ಇರುತ್ತವೆ. 2020ರಲ್ಲಿ ಮೀಟಿಯರ್‌ನೊಂದಿಗೆ ಬಂದ 349 ಸಿಸಿಯ ಜೆ ಸರಣಿಯ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಹೆಡ್‌ನಲ್ಲೇ ಇರುವುದರಿಂದ ಅದರ ಕೆಲಸ ಬೇರೆ; ಇಲ್ಲಿಯ ಕ್ರಮವನ್ನು ಅದಕ್ಕೆ ಬಳಸಬಾರದು.

ಕಬ್ಬಿಣದ ಎಂಜಿನ್‌ಗೂ ಯುಸಿಇಗೂ ಇರುವ ಒಂದು ವ್ಯತ್ಯಾಸವನ್ನು ಆರಂಭದಲ್ಲೇ ಗಮನದಲ್ಲಿ ಇಟ್ಟುಕೊಳ್ಳಬೇಕು. ಮೊದಲನೆಯದರಲ್ಲಿ ಟ್ಯಾಪೆಟ್ (ಕ್ಯಾಮ್‌ನ ತಳ್ಳನ್ನು ಪುಶ್ ರಾಡಿಗೆ ಮುಟ್ಟಿಸುವ ಭಾಗ) ಸಡಿಲವನ್ನು ಕೈಯಿಂದ ಹೊಂದಿಸಬೇಕಾಗುತ್ತದೆ, ಎರಡನೆಯದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇರುವುದರಿಂದ ಹೊಂದಿಸುವ ಪ್ರಶ್ನೆಯೇ ಬರುವುದಿಲ್ಲ.

ಬೇಕಾದ ಸಾಮಾನು

ನಿಮ್ಮ ಗಾಡಿಗೆ ಹೊಂದುವ ರಿಂಗ್ ಸ್ಪ್ಯಾನರ್, ಟಿ ಸ್ಪ್ಯಾನರ್ ಮತ್ತು ಅಲೆನ್ ಕೀ, ಪ್ಲಗ್ ಸ್ಪ್ಯಾನರ್, ನೈಲಾನ್ ಅಥವಾ ರಬ್ಬರ್ ಸುತ್ತಿಗೆ, ಪ್ಲಾಸ್ಟಿಕ್ಕಿನದೋ ಬಿದಿರಿನದೋ ಒಂದು ಚಪ್ಪಟೆ ಕೆರೆಯುವ ತುಂಡು, ದಾರ ಬಿಡದ ಹಳೆಯ ಹತ್ತಿ ಬಟ್ಟೆ, ಸೀಮೆಎಣ್ಣೆ ಅಥವಾ ಡೀಸೆಲ್, ಸ್ವಲ್ಪ ಥಿನ್ನರ್, ಗ್ರೀಸ್, 400 ನಂಬರಿನ ಎಮರಿ ಕಾಗದ ಮತ್ತು ದಪ್ಪ ಗಾಜಿನ ಒಂದು ತುಂಡು ಬೇಕು. ಗಾಜು ಎಲ್ಲರನ್ನೂ ಆಶ್ಚರ್ಯಗೊಳಿಸುತ್ತದೆ, ಆದರೆ ಈ ಪಟ್ಟಿಯಲ್ಲಿ ಅತಿ ಮುಖ್ಯವಾದದ್ದು ಅದೇ. ಕನ್ನಡಿ ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ಸಿಗುತ್ತದೆ. ಅಂಚನ್ನು ಉಜ್ಜಿಸಿಕೊಂಡು ತನ್ನಿ.

ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಬಹಳ ಒಳ್ಳೆಯದು. ಕೊಳ್ಳುವುದಾದರೆ ಕಾರಿನ ಚಕ್ರಕ್ಕೆ ಬಳಸುವ ದೊಡ್ಡ ಅಳತೆಯದು ಬೇಡ, ಏಕೆಂದರೆ ನಮಗೆ ಬೇಕಾದ 10 ನ್ಯೂಟನ್ ಮೀಟರ್‌ನ ಆಸುಪಾಸಿನಲ್ಲಿ ಅದು ನಂಬಿಕೆಗೆ ಅರ್ಹವಲ್ಲ.

1. ಎಣ್ಣೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ

ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೂ ಕೆಳಕ್ಕೂ ಒಯ್ಯುತ್ತದೆ, ಹೀಗಾಗಿ ಎಣ್ಣೆ ಕಂಡ ಜಾಗವೇ ಸೋರುವ ಜಾಗವೆಂದು ಹೇಳಲಾಗದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್, ಬ್ಯಾರೆಲ್ ಮತ್ತು ಬಲಬದಿಯನ್ನು ಸೀಮೆಎಣ್ಣೆಯಿಂದ ತೊಳೆದು, ಚೆನ್ನಾಗಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಕವರ್‌ಗಳ ಸುತ್ತ ತೆಳ್ಳಗೆ ಉದುರಿಸಿ. ನಂತರ ಹತ್ತು ನಿಮಿಷ ನಿಧಾನವಾಗಿ ಓಡಿಸಿ ನೋಡಿದರೆ ಪೌಡರ್ ಮೊದಲು ಒದ್ದೆಯಾದ ಜಾಗ ಸ್ಪಷ್ಟವಾಗಿ ಕಾಣಿಸುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಹುಡುಕಿ.

ಕಬ್ಬಿಣದ ಎಂಜಿನ್‌ನಲ್ಲಿ ಮೂರು ಜಾಗಗಳನ್ನು ರಾಕರ್ ಕವರ್ ಎಂದು ತಪ್ಪು ತಿಳಿಯುವುದುಂಟು. ಒಂದು, ಬಲಬದಿಯಲ್ಲಿ ಕೆಳಗಿನಿಂದ ಹೆಡ್‌ಗೆ ಏರುವ ಎಣ್ಣೆಯ ಪೈಪಿನ ಬ್ಯಾಂಜೋ ಬೋಲ್ಟ್, ಅಂದರೆ ಎಣ್ಣೆ ಹಾಯಲು ಒಳಗೆ ತೂತಿರುವ ಬೋಲ್ಟ್. ಅಲ್ಲಿಯ ತಾಮ್ರದ ವಾಷರ್ ಹಳೆಯದಾದರೆ ಎಣ್ಣೆ ಕವರಿನ ಬುಡದಲ್ಲೇ ಹರಡುತ್ತದೆ. ಇನ್ನೊಂದು, ಬ್ಯಾರೆಲ್‌ನ ಬಲಬದಿಯ ಕೆಳಭಾಗದಲ್ಲಿರುವ ಟ್ಯಾಪೆಟ್ ಕವರ್. ಮೂರನೆಯದು ಹೆಡ್ ಮತ್ತು ಬ್ಯಾರೆಲ್ ಸೇರುವ ಗೆರೆ; ಅಲ್ಲಿ ಒದ್ದೆ ಕಂಡರೆ ಅದು ಹೆಡ್ ಬಿಚ್ಚುವ ಕೆಲಸ, ರಾಕರ್ ಪ್ಯಾಕಿಂಗಿನಿಂದ ಪರಿಹಾರವಾಗದು. ವಾಷರ್ ಒಂದನ್ನೇ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಮೇಲ್ಭಾಗವನ್ನು ಬಿಚ್ಚಿಸಿಕೊಂಡವರು ಕಡಿಮೆಯೇನಿಲ್ಲ.

2. ಬ್ರೀದರ್ ಮತ್ತು ಎಣ್ಣೆಯ ಮಟ್ಟವನ್ನು ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಮರಳಿ ಬರುವ ಸೋರಿಕೆಗಳ ಮೂಲವೂ ಅನೇಕ ಸಲ ಇಲ್ಲೇ ಇರುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಎಂಜಿನ್‌ನ ತಳದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನೊಳಗಿನ ಗಾಳಿ ಒತ್ತಲ್ಪಡುತ್ತದೆ. ಆ ಗಾಳಿ ಬ್ರೀದರ್ ಪೈಪಿನ ಮೂಲಕ ಹೊರಹೋಗಬೇಕು. ಪೈಪು ಮಡಚಿಕೊಂಡಿದ್ದರೆ, ಕೆಸರು ಅಥವಾ ಗಟ್ಟಿಯಾದ ಎಣ್ಣೆಯಿಂದ ಮುಚ್ಚಿದ್ದರೆ, ಗಾಳಿ ಬೇರೆ ದಾರಿ ಹುಡುಕುತ್ತದೆ. ಎಂಜಿನ್‌ನಲ್ಲಿ ಅತಿ ದುರ್ಬಲವಾದ ಜೋಡಣೆ ರಾಕರ್ ಕವರಿನದಾದ್ದರಿಂದ ಎಣ್ಣೆಯನ್ನು ತಳ್ಳಿಕೊಂಡು ಅಲ್ಲಿಂದಲೇ ಹೊರಬರುತ್ತದೆ. ಇಂಥ ಎಂಜಿನ್‌ಗೆ ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ನಿಲ್ಲದು.

ಕಬ್ಬಿಣದ ಎಂಜಿನ್‌ನ ಬ್ರೀದರ್ ಪೈಪಿನಲ್ಲಿ ಬಾತುಕೋಳಿಯ ಕೊಕ್ಕಿನ ಆಕಾರದ ರಬ್ಬರ್ ವಾಲ್ವ್ ಇರುತ್ತದೆ. ಗಾಳಿ ಹೊರಹೋಗಲು ಅದು ತೆರೆದು, ಒಳಬರದಂತೆ ಮುಚ್ಚಬೇಕು. ರಬ್ಬರ್ ಗಟ್ಟಿಯಾಗಿ ತುಟಿಗಳು ಅಂಟಿಕೊಂಡಿದ್ದರೆ ಅದನ್ನು ಸೀಳಿ ಬಳಸದೆ ಹೊಸದನ್ನೇ ಹಾಕಿ. ಮೆಕ್ಕೆಜೋಳದ ಒಕ್ಕಣೆಯ ದಿನಗಳಲ್ಲಿ ರಸ್ತೆಯ ಮೇಲೆಯೇ ಕಾಳು ಹರವುವ ನಮ್ಮ ಜಿಲ್ಲೆಯಲ್ಲಿ ಓಡಾಡುವ ಗಾಡಿಗಳ ಪೈಪಿನ ತುದಿಯಲ್ಲಿ ಹೊಟ್ಟು, ಧೂಳು ಎಣ್ಣೆಯೊಂದಿಗೆ ಸೇರಿ ಮೇಣದಂತೆ ಗಟ್ಟಿಯಾಗಿರುತ್ತದೆ. ತುದಿಯನ್ನೂ ಬಿಡಿಸಿ ನೋಡಿ.

ಎಣ್ಣೆ ಹೆಚ್ಚಾಗಿದ್ದರೂ ಇದೇ ತೊಂದರೆ. ಕಬ್ಬಿಣದ ಎಂಜಿನ್‌ನಲ್ಲಿ ಗಾಡಿಯನ್ನು ಬಹಳ ದಿನ ನಿಲ್ಲಿಸಿದಾಗ ಎಣ್ಣೆಯ ಟ್ಯಾಂಕಿನಲ್ಲಿದ್ದ ಎಣ್ಣೆ ಕ್ರ್ಯಾಂಕ್‌ಕೇಸಿಗೆ ಇಳಿದುಬಿಡುತ್ತದೆ, ಆಗ ಡಿಪ್‌ಸ್ಟಿಕ್ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಎಣ್ಣೆ ಸುರಿದರೆ ಎಂಜಿನ್‌ನಲ್ಲಿ ಹೆಚ್ಚುವರಿ ಎಣ್ಣೆ ಸೇರುತ್ತದೆ. ಕೆಲವು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆಯೇ ಮಟ್ಟ ನೋಡಬೇಕು.

ಬ್ರೀದರ್ ಸರಿಪಡಿಸಿದ ಮೇಲೆ ಸೋರಿಕೆ ತಾನಾಗಿ ನಿಂತರೆ ಕವರ್ ಬಿಚ್ಚುವ ಅಗತ್ಯವೇ ಇರದು.

3. ಪ್ಯಾಕಿಂಗ್ ಆರಿಸುವುದು

ನಿಮ್ಮ ಎಂಜಿನ್‌ನ ವರ್ಷ ಮತ್ತು ಮಾದರಿಯನ್ನು ಹೇಳಿ ಕೊಳ್ಳಿ. ಸಾಧ್ಯವಾದರೆ ಹಳೆಯ ಪ್ಯಾಕಿಂಗನ್ನೇ ಅಂಗಡಿಗೆ ಒಯ್ದು ಹೊಸದರ ಮೇಲಿಟ್ಟು ತೂತುಗಳು ಕೂಡುತ್ತವೆಯೇ ನೋಡಿ. ಅಂಗಡಿಯ ಮೊಳೆಗೆ ವರ್ಷಗಟ್ಟಲೆ ನೇತುಹಾಕಿದ ಕಾಗದದ ಅಥವಾ ಕಾರ್ಕಿನ ಪ್ಯಾಕಿಂಗ್ ಒಣಗಿ ಕುಗ್ಗಿರುತ್ತದೆ. ಚಿತ್ರದುರ್ಗದ ಬೇಸಿಗೆಯಲ್ಲಿ ಇದು ಇನ್ನೂ ಬೇಗ. ಕುಗ್ಗಿದ್ದನ್ನು ಎಳೆದು ಕೂರಿಸಿದರೆ ತೂತಿನ ಬಳಿ ಸೀಳುತ್ತದೆ. ಅದರ ಬದಲು ಸ್ವಲ್ಪ ಹೊತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ತನ್ನ ಅಳತೆಗೆ ಮರಳುತ್ತದೆ. ಮಡಿಕೆಯ ಗೆರೆ ಬಿದ್ದದ್ದನ್ನು ಮಾತ್ರ ಬೇಡವೆನ್ನಿ.

ಪ್ಯಾಕಿಂಗ್ ಕಾಗದವನ್ನು ಕವರಿನ ಮೇಲಿಟ್ಟು ಅಂಚಿನುದ್ದಕ್ಕೂ ಸುತ್ತಿಗೆಯಿಂದ ತಟ್ಟಿ ಕತ್ತರಿಸುವ ಪದ್ಧತಿ ಅನೇಕ ಕಡೆ ಇದೆ. ಮೃದುವಾದ ಅಲ್ಯೂಮಿನಿಯಂ ಕವರಿನ ಅಂಚನ್ನು ಹಾಳುಮಾಡುವುದರಲ್ಲಿ ಇದನ್ನು ಮೀರಿಸಿದ್ದು ಬೇರೆ ಇಲ್ಲ. ಕೈಯಿಂದಲೇ ಮಾಡಬೇಕಾಗಿ ಬಂದರೆ ಕವರಿನ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ ಎಣ್ಣೆ ತಡೆಯುವ ಪ್ಯಾಕಿಂಗ್ ಕಾಗದದ ಮೇಲೆ ಒತ್ತಿ, ಮೂಡಿದ ಗುರುತಿನಂತೆ ಕತ್ತರಿಯಿಂದ ಕತ್ತರಿಸಿ. ಯುಸಿಇಯಲ್ಲಿ ಈ ಬಗೆಯ ಪ್ರಯೋಗ ಬೇಡ, ಕಂಪನಿಯ ಪ್ಯಾಕಿಂಗನ್ನೇ ತನ್ನಿ.

4. ಕೈಯಾಡುವ ಜಾಗ ಮಾಡಿಕೊಳ್ಳುವುದು

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ, ಗಾಳಿ ಬೀಸದ ನೆರಳಿನಲ್ಲಿ ನಿಲ್ಲಿಸಿ. ಗಾಳಿಯಂತ್ರಗಳನ್ನು ತಿರುಗಿಸುವಷ್ಟು ಗಾಳಿ ಚಿತ್ರದುರ್ಗದ ಗುಡ್ಡಗಳ ಮೇಲೆ ಬೀಸುತ್ತದೆ. ಅಂಗಳದಲ್ಲಿ ಕವರ್ ತೆರೆದಿಟ್ಟರೆ ಕೆಂಪು ಧೂಳು ನೇರವಾಗಿ ರಾಕರ್ ಮೇಲೆ ಕೂರುತ್ತದೆ. ಸಿಲಿಂಡರ್ ಹೆಡ್ ಅಂಗೈಗೆ ತಣ್ಣಗೆ ಹತ್ತುವವರೆಗೆ ಏನನ್ನೂ ಸಡಿಲಿಸಬೇಡಿ, ಏಕೆಂದರೆ ಬಿಸಿಯಾದ ಅಲ್ಯೂಮಿನಿಯಂನಿಂದ ಬೋಲ್ಟ್ ಬಿಚ್ಚಿದರೆ ಥ್ರೆಡ್ ಸಹ ಬರುವ ಸಾಧ್ಯತೆ ಹೆಚ್ಚು.

ಬ್ಯಾಟರಿಯ ಸಂಪರ್ಕ ತೆಗೆದು, ಪೆಟ್ರೋಲ್ ಕಾಕ್ ಮುಚ್ಚಿ, ಪೈಪ್ ಬಿಡಿಸಿ, ಟ್ಯಾಂಕನ್ನು ಪೂರ್ತಿಯಾಗಿ ಇಳಿಸಿಬಿಡಿ. ಟ್ಯಾಂಕ್ ಎತ್ತಿ ಕಟ್ಟಿಗೆಯ ತುಂಡು ಕೊಟ್ಟು ಇನ್‌ಲೆಟ್ ಕವರ್ ಬಿಚ್ಚಲು ಸಾಧ್ಯವಿದೆಯಾದರೂ, ಹಾಗೆ ಮಾಡಿದವರಿಗೆ ಜೋಡಿಸುವಾಗ ಹಿಂಬದಿಯ ಬೋಲ್ಟ್ ಕಾಣುವುದಿಲ್ಲ. ಫ್ಯೂಯಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ಪೆಟ್ರೋಲ್ ಲೈನಿನಲ್ಲಿ ಒತ್ತಡವಿರುತ್ತದೆ. ಆ ಲೈನನ್ನು ಬಿಡಿಸುವ ವಿಧಾನ ತಿಳಿಯದಿದ್ದರೆ ಆ ಭಾಗವನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಹೆಡ್ಡನ್ನು ಫ್ರೇಮಿಗೆ ಹಿಡಿದಿರುವ ಪಟ್ಟಿ ಅಡ್ಡಬಂದರೆ ಅದನ್ನೂ ತೆಗೆದಿಡಿ. ಈಗ ಹೆಡ್‌ನ ಮೇಲಿನ ಧೂಳನ್ನು ಇನ್ನೊಮ್ಮೆ ಬ್ರಷ್ಷಿನಿಂದ ಗುಡಿಸಿ, ಏಕೆಂದರೆ ಕವರ್ ತೆರೆದ ಕ್ಷಣದಲ್ಲಿ ಒಳಗೆ ಬೀಳುವುದು ಟ್ಯಾಂಕಿನ ಕೆಳಗೆ ಸೇರಿದ್ದ ಆ ಮಣ್ಣೇ.

5. ಕವರ್ ಬಿಚ್ಚುವುದು

ಬೋಲ್ಟ್ ಅಥವಾ ನಟ್‌ಗಳನ್ನು ಎದುರುಬದುರಾಗಿ, ಮೊದಲು ಕಾಲು ಸುತ್ತು, ನಂತರ ಅರ್ಧ ಸುತ್ತು ಎಂಬಂತೆ ಸಡಿಲಿಸಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಉಳಿದವುಗಳ ಒತ್ತಡಕ್ಕೆ ಕವರ್ ಬಾಗುತ್ತದೆ. ಒಂದು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಬಿಚ್ಚಿದ ಬೋಲ್ಟನ್ನು ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ ಬೋಲ್ಟು ಗಿಡ್ಡ ತೂತಿಗೆ ಹೋದರೆ ತಳ ಮುಟ್ಟಿ ಬಿಗಿಯಾದಂತೆ ತೋರುತ್ತದೆ, ಕವರ್ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ.

ಕವರ್ ಅಂಟಿಕೊಂಡಿದ್ದರೆ ಪಕ್ಕದಿಂದ ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರನ್ನು ಜೋಡಣೆಯ ಗೆರೆಗೆ ತೂರಿಸಿ ಮೀಟಬಾರದು. ಹಾಗೆ ಬಿದ್ದ ಒಂದು ಗೀರು ಎಣ್ಣೆಗೆ ಕಾಯಂ ಕಾಲುವೆಯಾಗುತ್ತದೆ. ಕವರ್ ಬಂದ ಕೂಡಲೇ ಪುಶ್ ರಾಡ್ ಇಳಿಯುವ ತೂತನ್ನು ಮತ್ತು ಎಣ್ಣೆ ಮರಳುವ ದಾರಿಗಳನ್ನು ಬಟ್ಟೆಯಿಂದ ಮುಚ್ಚಿ, ಎಷ್ಟು ತುಂಡು ಬಟ್ಟೆ ಇಟ್ಟಿರಿ ಎಂದು ರಟ್ಟಿನ ಮೇಲೆಯೇ ಬರೆಯಿರಿ. ಅಲ್ಲಿ ಬಿದ್ದ ವಾಷರ್ ಅಥವಾ ಪ್ಯಾಕಿಂಗಿನ ಚೂರು ಎಂಜಿನ್‌ನ ತಳಕ್ಕೆ ಇಳಿಯುತ್ತದೆ.

6. ಮೇಲ್ಮೈ ಸಿದ್ಧಪಡಿಸುವುದು

ಇಡೀ ಕೆಲಸಕ್ಕೆ ಒಂದು ದಿನ ಇಟ್ಟುಕೊಂಡರೆ ಅದರ ಅರ್ಧ ಇಲ್ಲೇ ಹೋಗಬೇಕು. ಹಳೆಯ ಪದರ ಕೆರೆಯದೆ ಹೊಸ ಸುಣ್ಣ ಬಳಿದ ಗೋಡೆ ಹೇಗೆ ಉದುರುತ್ತದೆಯೋ, ಹಳೆಯ ಅನಾಬಾಂಡಿನ ಮೇಲೆ ಕೂರಿಸಿದ ಪ್ಯಾಕಿಂಗ್ ಕೂಡ ಹಾಗೆಯೇ ಕೈಕೊಡುತ್ತದೆ.

ಹಳೆಯ ಪ್ಯಾಕಿಂಗಿನ ಮೇಲೆ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಕಾಲು ಗಂಟೆ ಹಾಕಿಟ್ಟು, ಮೆತ್ತಗಾದ ಮೇಲೆ ಪ್ಲಾಸ್ಟಿಕ್ ಅಥವಾ ಬಿದಿರಿನ ತುಂಡನ್ನು ಚಪ್ಪಟೆಯಾಗಿ ಹಿಡಿದು ಕೆರೆಯಿರಿ. ಹೆಡ್‌ನ ಕಡೆ ಕೆರೆಯುವಾಗ ಯಾವಾಗಲೂ ಒಳಗಿನಿಂದ ಹೊರಕ್ಕೆ ಎಳೆಯಿರಿ. ಉಕ್ಕಿನ ಬ್ಲೇಡ್, ತಂತಿಯ ಬ್ರಷ್, ಗ್ರೈಂಡರಿಗೆ ಹಾಕುವ ಎಮರಿ ಚಕ್ರ ಇವು ಯಾವುವೂ ಬೇಡ. ಎಮರಿ ಚಕ್ರದ ಪುಡಿ ಎಣ್ಣೆಗೆ ಸೇರಿದರೆ ಬೇರಿಂಗ್‌ಗಳನ್ನು ತಿನ್ನುತ್ತದೆ.

ಸ್ವಚ್ಛವಾದ ಕವರನ್ನು ಗಾಜಿನ ಮೇಲೆ ಬೋರಲಾಗಿ ಇಟ್ಟು ಒಂದೊಂದು ಮೂಲೆಯನ್ನೂ ಬೆರಳಿನಿಂದ ಒತ್ತಿ. ಅಲ್ಲಾಡಿದರೆ, ಅಥವಾ ಹಿಂದಿನಿಂದ ಟಾರ್ಚ್ ಹಿಡಿದಾಗ ಗೆರೆಯಾಗಿ ಬೆಳಕು ಕಂಡರೆ ಕವರ್ ಬಾಗಿದೆ ಎಂದರ್ಥ. ಹಿಂದೆ ಯಾರೋ ಅತಿಯಾಗಿ ಬಿಗಿದ ಕವರ್‌ಗಳು ಬೋಲ್ಟಿನ ತೂತಿನ ಬಳಿ ತಗ್ಗಾಗಿ, ನಡುವೆ ಉಬ್ಬಿರುತ್ತವೆ. ಆಗ ಎಮರಿ ಕಾಗದವನ್ನು ಗಾಜಿನ ಮೇಲೆ ಹಾಸಿ, ಎರಡು ಹನಿ ಸೀಮೆಎಣ್ಣೆ ಬಿಟ್ಟು, ಕವರನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಹಗುರಾಗಿ ಉಜ್ಜಿ. ಅಂಚಿನುದ್ದಕ್ಕೂ ಒಂದೇ ಬಗೆಯ ಮಂಕು ಬಣ್ಣ ಬಂದರೆ ಸಮತಟ್ಟಾಯಿತು ಎಂದು ತಿಳಿಯಬಹುದು. ಬಹಳ ಉಜ್ಜಬೇಕಾಗಿ ಬಂದರೆ ಕವರ್ ಬದಲಿಸುವುದೇ ಮೇಲು. ಹೆಡ್‌ನ ಮೇಲ್ಮೈಯನ್ನು ಮಾತ್ರ ಗಾಡಿಯ ಮೇಲಿಟ್ಟು ಉಜ್ಜಬಾರದು.

ಹೆಡ್‌ನಲ್ಲಿ ಬೋಲ್ಟಿನ ತೂತಿನ ಸುತ್ತ ಲೋಹ ಮೇಲೆದ್ದು ಸಣ್ಣ ದಿಣ್ಣೆಯಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡಿ. ಇದ್ದರೆ ತೂತಿಗಿಂತ ದೊಡ್ಡದಾದ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಒಂದೆರಡು ಸುತ್ತು ತಿರುಗಿಸಿ ಆ ದಿಣ್ಣೆಯನ್ನು ತೆಗೆಯಬಹುದು. ಥ್ರೆಡ್ ಹೋಗಿರುವುದು ಕಂಡರೆ ಜೋಡಿಸುವ ಮೊದಲೇ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ಉಕ್ಕಿನ ಸುರುಳಿ) ಹಾಕಿಸಿ. ಲೇತ್ ಕೆಲಸ ಬಲ್ಲವರು ಇದನ್ನು ಮಾಡಿಕೊಡುತ್ತಾರೆ. ಥ್ರೆಡ್ಡಿಗೆ ದಾರ ಸುತ್ತುವುದು, ಅಂಟು ಹಾಕಿ ಬೋಲ್ಟ್ ಕೂರಿಸುವುದು ಎಂಜಿನ್‌ನ ಬಿಸಿಗೆ ನಿಲ್ಲುವ ಉಪಾಯಗಳಲ್ಲ.

ಬೋಲ್ಟಿನ ತೂತುಗಳಲ್ಲಿ ಎಣ್ಣೆ ನಿಂತಿದ್ದರೆ ಬಟ್ಟೆಯ ಬತ್ತಿಯಿಂದ ಹೀರಿ ತೆಗೆಯಿರಿ. ತಳದಲ್ಲಿ ಎಣ್ಣೆಯಿರುವ ತೂತಿಗೆ ಬೋಲ್ಟ್ ಬಿಗಿದರೆ ಎಣ್ಣೆಯ ಒತ್ತಡಕ್ಕೆ ಲೋಹವೇ ಬಿರಿಯಬಹುದು. ಕೊನೆಗೆ ಎರಡೂ ಮೇಲ್ಮೈಗಳನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಅಲ್ಲಿಂದ ಮುಂದೆ ಬೆರಳು ತಾಗಿಸಬೇಡಿ.

7. ರಾಕರ್‌ಗಳನ್ನು ಮುಟ್ಟಬೇಕೇ?

ಕವರಿನ ಪ್ಯಾಕಿಂಗ್ ಬದಲಿಸಲು ರಾಕರ್ ಬಿಚ್ಚುವ ಅಗತ್ಯವಿಲ್ಲ, ಬಿಚ್ಚದಿರುವುದೇ ಉತ್ತಮ. ಕಬ್ಬಿಣದ ಎಂಜಿನ್‌ನಲ್ಲಿ ಬೇರೆ ಕಾರಣಕ್ಕೆ ತೆಗೆಯಲೇಬೇಕಾದರೆ ಪ್ಲಗ್ ಬಿಚ್ಚಿ, ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಹೊಡೆತದ ಟಿಡಿಸಿಗೆ, ಅಂದರೆ ಅತಿ ಮೇಲಿನ ಬಿಂದುವಿಗೆ, ಪಿಸ್ಟನ್ ತಂದುಕೊಳ್ಳಿ; ಆಗ ಸ್ಪ್ರಿಂಗಿನ ಒತ್ತಡ ರಾಕರ್ ಮೇಲೆ ಇರುವುದಿಲ್ಲ. ರಾಕರ್ ಬೇರಿಂಗಿನ ಮೇಲಿನ ಮತ್ತು ಕೆಳಗಿನ ಅರ್ಧಗಳು ಜೋಡಿಯಾಗಿಯೇ ತಯಾರಾದವು. ಅವನ್ನು ಅದಲುಬದಲು ಮಾಡಬಾರದು, ಇನ್‌ಲೆಟ್‌ನದು ಎಕ್ಸಾಸ್ಟ್‌ಗೆ ಹೋಗಬಾರದು, ಎಣ್ಣೆಯ ತೂತು ಮೊದಲಿದ್ದ ಕಡೆಗೇ ಬರಬೇಕು. ಬಿಗಿದ ಮೇಲೆ ರಾಕರ್ ಬೆರಳಿನಿಂದ ಸಲೀಸಾಗಿ ಆಡದಿದ್ದರೆ ಅಲ್ಲೇ ನಿಲ್ಲಿಸಿ, ಮತ್ತೆ ಬಿಚ್ಚಿ ನೋಡಿ.

ನಂತರ ಟ್ಯಾಪೆಟ್ ಕವರ್ ತೆಗೆದು, ತಣ್ಣಗಿನ ಎಂಜಿನ್‌ನಲ್ಲಿ ಪ್ರತಿ ಪುಶ್ ರಾಡ್ ಬೆರಳಿನಿಂದ ಸುಲಭವಾಗಿ ತಿರುಗುವಂತೆಯೂ ಮೇಲೆ ಕೆಳಗೆ ಅಲುಗಾಡದಂತೆಯೂ ಹೊಂದಿಸಬೇಕು. ಯುಸಿಇಗೆ ಈ ಹೊಂದಾಣಿಕೆ ಇಲ್ಲ.

8. ಹೊಸ ಪ್ಯಾಕಿಂಗ್ ಕೂರಿಸಿ ಬಿಗಿಯುವುದು

ಒಳಗಿಟ್ಟ ಬಟ್ಟೆಗಳನ್ನು ಎಣಿಸಿ ತೆಗೆಯಿರಿ. ರಾಕರ್ ಮತ್ತು ವಾಲ್ವ್ ತುದಿಗಳ ಮೇಲೆ ಹೊಸ ಎಂಜಿನ್ ಎಣ್ಣೆಯನ್ನು ನಾಲ್ಕು ಹನಿ ಬಿಡಿ, ಅದು ಜೋಡಣೆಯ ಅಂಚಿಗೆ ಹರಿಯದಂತೆ ನೋಡಿಕೊಳ್ಳಿ.

ಕಾಗದದ ಪ್ಯಾಕಿಂಗಿಗೆ ಕವರಿನ ಕಡೆ ಅನಾಬಾಂಡನ್ನು ಬೆರಳಿನಿಂದ ತೀರ ತೆಳುವಾಗಿ ಸವರಿ, ಹೆಡ್‌ನ ಕಡೆ ಗ್ರೀಸ್ ಸವರಿದರೆ ಸಾಕು. ಮುಂದಿನ ಸಲ ಪ್ಯಾಕಿಂಗ್ ಹರಿಯದೆ ಕವರ್ ಬಿಡಿಸಿಕೊಳ್ಳುತ್ತದೆ. ಕಾರ್ಕಿಗೂ ಇದೇ ಕ್ರಮ. ರಬ್ಬರ್ ಪ್ಯಾಕಿಂಗನ್ನು ಒಣದಾಗಿಯೇ, ತಿರುಚದಂತೆ ಅದರ ಜಾಗದಲ್ಲಿ ಕೂರಿಸಬೇಕು. ಟ್ಯೂಬಿನಿಂದ ದಪ್ಪಗೆ ಹಿಂಡಿದ ಸಿಲಿಕೋನ್ ಹೊರಗೆ ಕಾಣುವಷ್ಟೇ ಒಳಗೂ ಉಬ್ಬಿರುತ್ತದೆ. ಒಳಗಿನದು ಕಳಚಿ ಎಣ್ಣೆಯ ಸಣ್ಣ ದಾರಿಗೆ ಅಡ್ಡನಿಂತರೆ ರಾಕರ್‌ಗೆ ಎಣ್ಣೆ ಸಿಗದೆ ಸವೆಯುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ನನ್ನೇ ಕೆಡಿಸಿಕೊಳ್ಳುವ ದಾರಿ ಇದು, ದಯವಿಟ್ಟು ಹಾಗೆ ಮಾಡಬೇಡಿ.

ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ಪೂರ್ತಿ ಇಳಿಸಿ. ಬೆರಳಿಗೆ ತಿರುಗದ ಬೋಲ್ಟಿಗೆ ಸ್ಪ್ಯಾನರ್ ಹಾಕುವುದಲ್ಲ, ಹೊರತೆಗೆದು ಥ್ರೆಡ್ ನೋಡುವುದು ಸರಿಯಾದ ಕ್ರಮ. ನಂತರ ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿಯಿರಿ: ಒಮ್ಮೆ ಕವರ್ ಪ್ಯಾಕಿಂಗಿಗೆ ತಾಗುವಷ್ಟು, ಇನ್ನೊಮ್ಮೆ ಅರ್ಧ ಬಿಗಿ, ಕೊನೆಗೆ ಪೂರ್ಣ ಬಿಗಿ. 6 ಮಿಲಿಮೀಟರ್ ಬೋಲ್ಟು ಅಲ್ಯೂಮಿನಿಯಂ ಒಳಗೆ ಕೂರುವಲ್ಲಿ ಸುಮಾರು 10 ನ್ಯೂಟನ್ ಮೀಟರ್ ಸಾಮಾನ್ಯ ಮಿತಿ. ನಿಮ್ಮ ಮಾದರಿಯ ಸರ್ವಿಸ್ ಪುಸ್ತಕ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಟಾರ್ಕ್ ರೆಂಚ್ ಇಲ್ಲದವರು ಗಿಡ್ಡ ಸ್ಪ್ಯಾನರನ್ನು ತಲೆಯ ಹತ್ತಿರವೇ ಹಿಡಿದು ಮಣಿಕಟ್ಟಿನ ಬಲವನ್ನಷ್ಟೇ ಬಳಸಬೇಕು. ಸ್ಪ್ಯಾನರಿಗೆ ಪೈಪ್ ತೊಡಿಸುವವರ ಕೈಗೆ ಈ ಕೆಲಸ ಕೊಡಬೇಡಿ.

ಬ್ಯಾಂಜೋ ಬೋಲ್ಟ್ ಬಿಚ್ಚಿದ್ದರೆ ಅದರ ವಾಷರ್‌ಗಳನ್ನು ಹೊಸದೇ ಹಾಕಿ. ಸೀಲಂಟ್ ಬಳಸಿದ್ದರೆ ಅದರ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು.

9. ಚಾಲೂ ಮಾಡಿ ಪರೀಕ್ಷಿಸುವುದು

ಪ್ಲಗ್ ಇಲ್ಲದೆ ಕೆಲವು ಸಲ ಕಿಕ್ ಮಾಡಿ, ಎಲ್ಲಿಯೂ ಬಿಗಿ ಹಿಡಿಯುತ್ತಿಲ್ಲ ಎಂದು ತಿಳಿದ ಮೇಲೆಯೇ ಪ್ಲಗ್ ಹಾಕಿ ಎಂಜಿನ್ ಚಾಲೂ ಮಾಡಿ. ಕಬ್ಬಿಣದ ಎಂಜಿನ್ ಐಡಲ್‌ನಲ್ಲಿರುವಾಗ ಹೆಡ್‌ನ ಬ್ಯಾಂಜೋ ಬೋಲ್ಟನ್ನು ಸ್ವಲ್ಪ ಸಡಿಲಿಸಿದರೆ ಎಣ್ಣೆ ಒಸರಬೇಕು. ಒಸರಿತೆಂದರೆ ರಾಕರ್‌ಗಳಿಗೆ ಎಣ್ಣೆ ತಲುಪುತ್ತಿದೆ. ಕೂಡಲೇ ಬಿಗಿದು ಒರೆಸಿ. ಒಂದೆರಡು ನಿಮಿಷದಲ್ಲಿ ಏನೂ ಬರದಿದ್ದರೆ ಎಂಜಿನ್ ಆರಿಸಿ ಕಾರಣ ಹುಡುಕಿ.

ಮೊದಲ ಓಟ ಹತ್ತಿರದ್ದೇ ಇರಲಿ. ದಾವಣಗೆರೆಯವರಿಗೆ ಹರಿಹರದವರೆಗಿನ ಸುಮಾರು 14 ಕಿಲೋಮೀಟರ್ ಸರಿಯಾದ ದೂರ: ಎಂಜಿನ್ ಪೂರ್ತಿ ಬಿಸಿಯಾಗುತ್ತದೆ, ತೊಂದರೆ ಕಂಡರೆ ಮರಳುವುದೂ ಸುಲಭ. ಚಿತ್ರದುರ್ಗದವರು ಮೊದಲ ದಿನವೇ ಹೆದ್ದಾರಿ 48ಕ್ಕೆ ಏರಿ ವೇಗವಾಗಿ ಓಡಿಸದೆ ಊರಿನ ಸುತ್ತಲೇ ಪರೀಕ್ಷಿಸಲಿ. ಮರಳಿದ ಮೇಲೆ ಪೌಡರ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಕಾಗದ ಮತ್ತು ಕಾರ್ಕಿನ ಪ್ಯಾಕಿಂಗ್ ಮೊದಲ ಬಿಸಿಗೆ ಸ್ವಲ್ಪ ಕೂರುತ್ತದೆ. ಮರುದಿನ ಬೆಳಿಗ್ಗೆ, ತಣ್ಣಗಿರುವಾಗ, ಅದೇ ಕ್ರಮದಲ್ಲಿ ಅದೇ ಬಲದಿಂದ ಒಮ್ಮೆ ಬಿಗಿ ನೋಡಿ. ರಬ್ಬರಿನದಕ್ಕೆ ಇದು ಬೇಡ.

ತಕ್ಷಣ ಗಾಡಿ ನಿಲ್ಲಿಸಬೇಕಾದ ಲಕ್ಷಣಗಳು

ಮೊದಲಿಲ್ಲದ ಟಕಟಕ ಸದ್ದು ಹೆಡ್‌ನಿಂದ ಬಂದು, ಬಿಸಿಯಾದಂತೆ ಹೆಚ್ಚುತ್ತಿದ್ದರೆ ಎಣ್ಣೆ ತಲುಪುತ್ತಿಲ್ಲ ಅಥವಾ ಟ್ಯಾಪೆಟ್ ತಪ್ಪಿದೆ. ಯುಸಿಇಯಲ್ಲಿ ಚಾಲೂ ಮಾಡಿದ ಕೂಡಲೇ ಸ್ವಲ್ಪ ಹೊತ್ತು ಕೇಳಿ ನಿಲ್ಲುವ ಸದ್ದಿಗೆ ಹೆದರಬೇಕಿಲ್ಲ, ನಿಲ್ಲದ ಸದ್ದಿಗೆ ಹೆದರಬೇಕು.

ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದು ಸುಟ್ಟ ವಾಸನೆ ಬಂದರೆ ಎಕ್ಸಾಸ್ಟ್ ಕಡೆಯ ಕವರನ್ನು ಮತ್ತೆ ನೋಡಿ. ಹೊಸ ಪ್ಯಾಕಿಂಗಿನ ಹಲವು ಕಡೆಗಳಿಂದ ಒಟ್ಟಿಗೆ ಎಣ್ಣೆ ಒಸರಿದರೆ ಬಿಗಿಯ ಕಡೆಗೆ ಕೈ ಹಾಕದೆ ಎರಡನೆಯ ಹಂತಕ್ಕೆ ಮರಳಿ ಬ್ರೀದರ್ ಪರೀಕ್ಷಿಸಿ. ಒಂದೇ ಕಡೆಯಿಂದ ಒಸರಿದರೆ ಆ ಬದಿಯ ಮೇಲ್ಮೈಯಲ್ಲಿ ಗೀರು ಅಥವಾ ಬಾಗು ಉಳಿದಿದೆ. ಎಣ್ಣೆ ಹಿಂದಿನ ಟೈರಿಗೋ ಬ್ರೇಕ್ ಡ್ರಮ್ಮಿಗೋ ಸಿಡಿಯುತ್ತಿರುವುದು ಕಂಡರೆ ಮನೆ ಎಷ್ಟೇ ಹತ್ತಿರವಿದ್ದರೂ ಸವಾರಿ ಮುಂದುವರಿಸದೆ ಗಾಡಿಯನ್ನು ತಳ್ಳಿಕೊಂಡು ಅಥವಾ ಬೇರೆ ವಾಹನದಲ್ಲಿ ಹೇರಿಕೊಂಡು ಹೋಗಿ.